ಎರಡೂ ಕೈ ಚಾಚು, ತಂಗೀ

ತಂಗೀ, ಮಗ್ಗದ ಕಂಡಿಕೆ ಸುತ್ತುವಾಗ ಎಡಗೈ ಸೋಲುತ್ತದೆ ಎಂದು ಮೊನ್ನೆ ನೀನು ಅಂದದ್ದು ನನ್ನ ಕಿವಿಯಲ್ಲೇ ಉಳಿದಿದೆ. ನೀನು ನಗುತ್ತ ಹೇಳಿದೆ. ನಿಮ್ಮ ಅತ್ತೆ, “ಈಗಿನ ಹುಡುಗ್ಯಾರಿಗೆ ಶಕ್ತಿನ ಇಲ್ಲ” ಅಂದರು. ಮಾತು ಅಲ್ಲಿಗೆ ಮುಗಿಯಿತು. ಮೂವತ್ತು ವರ್ಷ ನರ್ಸ್ ಆಗಿ ದುಡಿದವಳಿಗೆ ಅದು ಅಷ್ಟಕ್ಕೆ ಮುಗಿಯುವುದಿಲ್ಲ. ನಿನ್ನದು ಬರೀ ದಣಿವೇ ಇದ್ದೀತು, ಹಾಗೇ ಇರಲಿ. ಆದರೂ ಒಂದು ಮಾತು ಹೇಳಬೇಕು.

ಬಹಳ ವರ್ಷದ ಹಿಂದೆ ನಮ್ಮ ಬೆಳಗಾವಿಯ ಖಾಸಬಾಗದ ಕಡೆಯ ಒಬ್ಬ ಹುಡುಗಿ, ಇಪ್ಪತ್ತೆರಡರ ಪ್ರಾಯ, ನಿನ್ನ ಹಾಗೆಯೇ ಮಗ್ಗದ ಮನೆಯವಳು, ನನ್ನ ಹತ್ತಿರ ಬಂದಿದ್ದಳು. ಆರು ತಿಂಗಳಿಂದ ಸಣ್ಣ ಜ್ವರ, ಮೈಕೈ ನೋವು. ತೂಕ ಇಳಿದಿತ್ತು. ಟಿಬಿ ಇರಬೇಕೆಂದು ಒಮ್ಮೆ, ರಕ್ತ ಕಡಿಮೆಯೆಂದು ಇನ್ನೊಮ್ಮೆ ಔಷಧ ಆಗಿತ್ತು. ಸೀರೆ ಒಣಹಾಕಲು ತೋಳು ಮೇಲೆತ್ತಿದರೆ ಎಡಗೈ ಜೋಮು ಹಿಡಿದು ಸೋತು ಬೀಳುತ್ತಿತ್ತು, ಇಳಿಸಿ ಎರಡು ನಿಮಿಷ ಕೂತರೆ ಸರಿಹೋಗುತ್ತಿತ್ತು. ತೋರಿಸಿದ ದವಾಖಾನೆಯಲ್ಲಿ ಎಡತೋಳಿಗೆ ಬಿಪಿ ಪಟ್ಟಿ ಕಟ್ಟಿ ಮೂರು ಸಲ ಗಾಳಿ ತುಂಬಿದರೂ ಅಂಕಿ ಬರಲಿಲ್ಲವಂತೆ. ಕಂಪೌಂಡರ್ “ಮಷಿನ್ ಕೆಟ್ಟೈತಿ” ಅಂದು ಪಟ್ಟಿ ಬಿಚ್ಚಿ ಕಳಿಸಿದ್ದ.

ಮಷಿನ್ ಕೆಟ್ಟಿರಲಿಲ್ಲ. ಅವಳ ಬಲಗೈ ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡದ ಕೆಳಗೆ, ನಾನು ಮೂರು ಬೆರಳಿಟ್ಟಾಗ ನಾಡಿ ಟಕ್ ಟಕ್ ಎಂದು ಬಡಿಯುತ್ತಿತ್ತು. ಎಡಗೈ ಹಿಡಿದರೆ ಕರೆಂಟು ಹೋದ ಮಗ್ಗದ ಹಾಗೆ ಸುಮ್ಮನಿತ್ತು. ಬೆರಳು ಅತ್ತಿತ್ತ ಸರಿಸಿ ನೋಡಿದೆ, ಇಲ್ಲ. ಬಲತೋಳಿನ ಬಿಪಿ ಆ ವಯಸ್ಸಿಗೆ ಸಲ್ಲದಷ್ಟು ಏರಿತ್ತು. ದೊಡ್ಡ ಆಸ್ಪತ್ರೆಗೆ ನಾನೇ ಕರೆದೊಯ್ದೆ. ಅಲ್ಲಿಯ ವೈದ್ಯರು ಅವಳ ಕತ್ತಿನ ಪಕ್ಕ, ಕೊರಳೆಲುಬಿನ ಮೇಲೆ ಸ್ಟೆತೊಸ್ಕೋಪ್ ಇಟ್ಟು ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದರು. ಅವರಿಗೆ ಕೇಳಿಸಿದ್ದು ರಕ್ತ ಇಕ್ಕಟ್ಟಿನಲ್ಲಿ ನುಗ್ಗುವಾಗ ಬರುವ ಸುಯ್ ಸದ್ದು. ಸಿಟಿ ಆಂಜಿಯೋಗ್ರಾಮ್ ಮಾಡಿಸಿದಾಗ, ಎಡತೋಳಿಗೆ ಹೋಗುವ ರಕ್ತನಾಳ ಒಂದು ಕಡೆ ನೂಲಿನಷ್ಟು ಸಣ್ಣಗಾಗಿತ್ತು.

ಆ ರೋಗಕ್ಕೆ ತಕಯಾಸು ಎಂದು ಹೆಸರು. 1908ರಲ್ಲಿ ಜಪಾನಿನ ಕಣ್ಣಿನ ವೈದ್ಯ ಮಿಕಿಟೊ ತಕಯಾಸು 21 ವರ್ಷದ ಒಬ್ಬ ಯುವತಿಯ ಕಣ್ಣಿನೊಳಗಿನ ರಕ್ತನಾಳಗಳು ವಿಚಿತ್ರವಾಗಿ ಹೆಣೆದುಕೊಂಡದ್ದನ್ನು ವೈದ್ಯರ ಸಭೆಯಲ್ಲಿ ವಿವರಿಸಿದ. ಇಂಥದೇ ಕಣ್ಣಿನ ತೊಂದರೆ ಇದ್ದ ತಮ್ಮ ರೋಗಿಗಳ ಕೈಯಲ್ಲಿ ನಾಡಿಯೇ ಸಿಗುತ್ತಿಲ್ಲ ಎಂದು ಅಲ್ಲಿದ್ದ ಇನ್ನಿಬ್ಬರು ವೈದ್ಯರು ಹೇಳಿದರು. ನಾಡಿ ಇಲ್ಲದ ರೋಗ ಎಂಬ ಹೆಸರು ಆಮೇಲೆ ಬಂತು. ಮೈಯ ಕಾವಲು ಪಡೆಯೇ ತಿರುಗಿಬಿದ್ದು, ಹೃದಯದಿಂದ ಹೊರಡುವ ಮಹಾಧಮನಿಯ ಮತ್ತು ಅದರ ಕವಲುಗಳ ಗೋಡೆಯಲ್ಲಿ ಉರಿಯೂತ ಎಬ್ಬಿಸುತ್ತದೆ. ಗೋಡೆ ದಪ್ಪವಾದಷ್ಟೂ ಒಳದಾರಿ ಕಿರಿದಾಗುತ್ತದೆ. ಜಗತ್ತಿನಲ್ಲಿ ಅಪರೂಪದ ರೋಗ ಇದು, ಆದರೆ ನಮ್ಮ ಏಷ್ಯಾ ಖಂಡದಲ್ಲಿ ತುಸು ಹೆಚ್ಚು. ಹಿಡಿಯುವುದು ಹೆಚ್ಚಾಗಿ 40ರೊಳಗಿನ ಹೆಣ್ಣುಮಕ್ಕಳನ್ನು. ಕೈ ಸೋಲುವುದು, ಮೇಲೆ ನೋಡಿದರೆ ತಲೆ ತಿರುಗುವುದು, ಕಣ್ಣು ಮಂಜಾಗುವುದು ಎಲ್ಲ ಆ ಇಕ್ಕಟ್ಟಿನಿಂದಲೇ. ನಮ್ಮ ದೇಶದಲ್ಲಿ ಕಿಡ್ನಿಗೆ ಹೋಗುವ ರಕ್ತನಾಳಕ್ಕೂ ಇದು ತಗಲುವುದು ಬಹಳ, ಹಾಗಾದಾಗ ಬಿಪಿ ಜೋರಾಗಿ ಏರುತ್ತದೆ.

ಇಲ್ಲೇ ಒಂದು ಮೋಸ ಅಡಗಿದೆ, ಸರಿಯಾಗಿ ಕೇಳು. ನಾಳ ಕಟ್ಟಿದ ತೋಳಿನಲ್ಲಿ ಬಿಪಿ ಕಡಿಮೆ ತೋರಿಸುತ್ತದೆ. ಆ ತೋಳನ್ನಷ್ಟೇ ನೋಡಿದವರು “ನಾರ್ಮಲ್ ಐತಿ” ಅಂದುಬಿಡುತ್ತಾರೆ. ಒಳಗೆ ಮಾತ್ರ ಹೃದಯ ಮತ್ತು ಮಿದುಳು ನಿಜವಾದ ಒತ್ತಡವನ್ನು ತಾಳುತ್ತ ಇರುತ್ತವೆ. ಅದಕ್ಕೇ ಎರಡೂ ತೋಳಿನ ಬಿಪಿ ನೋಡಿಸು. ಮೇಲಿನ ಅಂಕಿಯಲ್ಲಿ ಒಂದಕ್ಕೊಂದು ಹತ್ತಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಮತ್ತೊಮ್ಮೆ ಅಳೆಯಲು ಹೇಳು, ಮತ್ತೂ ಹಾಗೇ ಬಂದರೆ ಯಾಕೆಂದು ಕೇಳು. ಕೇಳುವುದಕ್ಕೆ ಸಂಕೋಚ ಬೇಡ. ಇಪ್ಪತ್ತು ಇಪ್ಪತ್ತೈದರ ಪ್ರಾಯಕ್ಕೆ ಬಿಪಿ ಹೆಚ್ಚಾದರೆ “ಟೆನ್ಶನ್ ಇರಬೇಕು” ಎಂಬ ಮಾತನ್ನು ಒಪ್ಪಬೇಡ. ಆ ವಯಸ್ಸಿನ ಬಿಪಿಗೆ ಕಾರಣ ಹುಡುಕಲೇಬೇಕು.

ರಕ್ತನಾಳದ ರೋಗದ ಮಾತು ಬಂದಾಗ ಮಕ್ಕಳ ಮಾತೂ ಹೇಳಬೇಕು. ಕೂಸಿಗೆ ಐದು ದಿನ ದಾಟಿಯೂ ಜ್ವರ ಬಿಡದೆ, ಪಿಸರು ಇಲ್ಲದೆ ಕಣ್ಣು ಕೆಂಪಾಗಿ, ತುಟಿ ಒಡೆದು, ಮೈಮೇಲೆ ದದ್ದು ಎದ್ದು, ಅಂಗೈ ಬಾತರೆ ದಡಾರ ಅಂದುಕೊಂಡು ಮನೆಯಲ್ಲಿ ಇಟ್ಟುಕೊಳ್ಳಬೇಡ. ಕವಾಸಾಕಿ ರೋಗ ಇರಬಹುದು. ಅದು ಹೃದಯದ ರಕ್ತನಾಳವನ್ನು ಉಬ್ಬಿಸಬಹುದು. ಜ್ವರ ಶುರುವಾದ ಹತ್ತು ದಿನದೊಳಗೆ ಐವಿಐಜಿ ಎಂಬ ಔಷಧ ರಕ್ತಕ್ಕೆ ಹೋದರೆ ಆ ಅಪಾಯ ಬಹಳ ಇಳಿಯುತ್ತದೆ, ಹೋಗದಿದ್ದರೆ ನಾಲ್ಕು ಮಕ್ಕಳಲ್ಲಿ ಒಂದಕ್ಕೆ ಹೃದಯದ ರಕ್ತನಾಳದ ತೊಂದರೆ ಆಗಬಹುದು. ಹುಟ್ಟಿದ ಕೂಸನ್ನು ತೋರಿಸುವಾಗ ತೊಡೆಸಂದಿಯ ನಾಡಿಯನ್ನೂ ನೋಡಿರಿ ಎನ್ನು. ಮಹಾಧಮನಿ ಹುಟ್ಟಿನಿಂದಲೇ ಕಿರಿದಾಗಿದ್ದರೆ ಅಲ್ಲಿ ಅದು ಕ್ಷೀಣವಾಗಿರುತ್ತದೆ.

ಇನ್ನು ಔಷಧದ ಮಾತು. ಖಾಸಬಾಗದ ಆ ಹುಡುಗಿಗೆ ಮೊದಲು ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್ ಕೊಟ್ಟರು. ಎರಡು ತಿಂಗಳಿಗೆ ಮುಖ ಊದಿ ದುಂಡಗಾಯಿತು. ಓಣಿಯವರು ಏನೇನೋ ಅಂದರು, ಅವಳು ಹೆದರಿ ಗುಳಿಗೆ ನಿಲ್ಲಿಸಿಬಿಟ್ಟಳು. ಹದಿನೈದು ದಿನದಲ್ಲಿ ಮತ್ತೆ ಜ್ವರ, ವಾಂತಿ, ಏಳಲಾಗದಷ್ಟು ನಿಶ್ಶಕ್ತಿ. ಸ್ಟೆರಾಯ್ಡನ್ನು ಒಮ್ಮೆಲೇ ಬಿಡಬಾರದು, ವೈದ್ಯರು ಹೇಳಿದ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು. ಜೊತೆಗೆ ಮೆಥೊಟ್ರೆಕ್ಸೇಟ್ ಬರೆಯುತ್ತಾರೆ. ಅದು ವಾರಕ್ಕೆ ಒಂದೇ ದಿನದ ಔಷಧ. ದಿನಾ ನುಂಗಿದರೆ ಜೀವಕ್ಕೇ ಕುತ್ತು. ಚೀಟಿಯ ಮೇಲೆ ಯಾವ ದಿನವೆಂದು ಬರೆಸಿಕೋ, ಕ್ಯಾಲೆಂಡರಿನಲ್ಲಿ ಗುರುತು ಹಾಕು. ಬಸಿರಾಗುವ ವಿಚಾರವಿದ್ದರೆ ಕೆಲ ತಿಂಗಳು ಮೊದಲೇ ವೈದ್ಯರಿಗೆ ತಿಳಿಸಬೇಕು, ಆ ಔಷಧ ನಿಲ್ಲಿಸಿ ಬೇರೆಯದು ಕೊಡುತ್ತಾರೆ. ಇದನ್ನು ಮನೆಯವರಿಗೂ ಹೇಳಿಡು.

ಬಲೂನು ಹಾಕಿ ನಾಳ ಅಗಲಿಸುವುದು, ಬೈಪಾಸ್ ಮಾಡುವುದು ಎಲ್ಲ ಉಂಟು. ಆದರೆ ನಾಳದ ಉರಿಯೂತದ ಉರಿ ಆರಿದ ಮೇಲೆ ಮಾಡಿದರೆ ನಿಲ್ಲುತ್ತದೆ, ಉರಿಯುವಾಗ ಮಾಡಿದರೆ ಮತ್ತೆ ಕಟ್ಟಿಕೊಳ್ಳುವುದು ಹೆಚ್ಚು. ಉರಿ ಆರಿದೆಯೇ ಎಂದು ಅಳೆಯುವುದೂ ಸುಲಭವಲ್ಲ. ಇಎಸ್‌ಆರ್ ಎಂಬ ರಕ್ತಪರೀಕ್ಷೆ ಸರಿ ಇದ್ದರೂ ಒಳಗೆ ರೋಗ ನಡೆದಿರಬಹುದು. ನಮ್ಮ ದೇಶದ ವೈದ್ಯರೇ ಕೂಡಿ, ನಾಡಿ, ಬಿಪಿ, ಕತ್ತಿನ ಸದ್ದು ಇವುಗಳ ಮೇಲೆ ಅಂಕ ಕೊಡುವ ಐಟಾಸ್ 2010 ಎಂಬ ಅಳತೆ ಕಟ್ಟಿದ್ದಾರೆ. ನನಗೆ ಅದರಿಂದ ಬಹಳ ಹೆಮ್ಮೆ, ನಾಡಿ ಹಿಡಿಯುವ ಬೆರಳಿನ ಬೆಲೆ ಅವರು ಕಾಣದೆ ಹೋಗಲಿಲ್ಲ.

ಖಾನಾಪುರದ ಕಾಡಂಚಿನ ಹಳ್ಳಿಯವರಿಗೆ ಬೆಳಗಾವಿಗೆ ಬಂದು ಹೋಗುವುದೇ ಒಂದು ದಿನದ ಕೂಲಿ ಕಳೆದಂತೆ. ನಿನಗಾದರೆ ಸಿವಿಲ್ ಆಸ್ಪತ್ರೆ ಇಲ್ಲೇ ಹತ್ತಿರ, ನೆಹರೂ ನಗರದ ಕೆಎಲ್‌ಇ ಆಸ್ಪತ್ರೆಯೂ ಒಂದು ಆಟೋ ದೂರ. ಬಿಪಿಎಲ್ ಕಾರ್ಡ್ ಇದ್ದ ಮನೆಗೆ ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಗೆ ಅವಕಾಶವಿದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಮೊದಲೇ ಮಾಡಿಸಿಕೋ. ಹಳೆಯ ಚೀಟಿ, ಸ್ಕ್ಯಾನ್ ಸಿಡಿ ಎಲ್ಲ ಒಂದೇ ಚೀಲದಲ್ಲಿ ಇಟ್ಟು ಪ್ರತಿ ಸಲ ಒಯ್ಯಿ. ಸ್ಟೆಂಟು ಹಾಕುವವರು ಹೃದಯದ ವೈದ್ಯರಾದರೂ, ಇಂಥ ಉರಿಯೂತ ಬಲ್ಲವರು ರುಮಟಾಲಜಿಸ್ಟ್. ಇಬ್ಬರೂ ನೋಡಲಿ ಎಂದು ಕೇಳು.

ಆ ಹುಡುಗಿ ಈಗ ವಡಗಾವಿಯಲ್ಲಿ ಇದ್ದಾಳೆ, ಮಗ್ಗ ಬಿಟ್ಟು ಹೊಲಿಗೆ ಕೆಲಸ ಮಾಡುತ್ತಾಳೆ. ಅವಳ ಎಡಗೈಯ ನಾಡಿ ಇವತ್ತಿಗೂ ಬಲಗೈಯಷ್ಟು ಬಲವಾಗಿಲ್ಲ, ಆದರೆ ಸಿಗುತ್ತದೆ. ನಾಳೆ ಸಂಜೆ ಮಗ್ಗ ನಿಂತ ಮೇಲೆ ನಮ್ಮ ಮನೆ ಕಡೆ ಬಾ, ತಂಗೀ. ಮೊದಲು ನಾನೇ ನಿನ್ನ ಎರಡೂ ಕೈ ಹಿಡಿದು ನೋಡುತ್ತೇನೆ. ಆಮೇಲೆ ಇಬ್ಬರೂ ಕೂಡಿ ಸಿವಿಲ್‌ಗೆ ಹೋಗೋಣ.