ಎಚ್.ಐ.ವಿ. ಚಿಕಿತ್ಸೆ ಮತ್ತು ರಕ್ತದ ಕೊಬ್ಬು

ಮದ್ದು ತೆಗೆದುಕೊಳ್ಳುವವರು ಪಥ್ಯ ಬಿಡಬಾರದೆಂದು ಮನೆಯ ಹಿರಿಯರು ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ರೋಗವನ್ನು ಹತೋಟಿಯಲ್ಲಿಡುವ ಔಷಧವೇ ಕೆಲವೊಮ್ಮೆ ಶರೀರದಲ್ಲಿ ಬೇರೆ ಏರುಪೇರುಗಳನ್ನು ಉಂಟುಮಾಡುವುದುಂಟು. ಇವನ್ನು ಅಡ್ಡ ಪರಿಣಾಮಗಳೆನ್ನುತ್ತಾರೆ. ಎಚ್.ಐ.ವಿ. ಚಿಕಿತ್ಸೆಯಲ್ಲಿ ಕಂಡುಬರುವ ಇಂತಹ ಒಂದು ಪರಿಣಾಮದ ವಿಚಾರ ತಿಳಿಯೋಣ.

ಎಚ್.ಐ.ವಿ. ಎಂಬ ವೈರಸ್ ರೋಗನಿರೋಧಕ ಶಕ್ತಿಗೆ ಆಧಾರವಾದ ಒಂದು ಬಗೆಯ ಬಿಳಿ ರಕ್ತಕಣಗಳನ್ನು ನಾಶಮಾಡುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ರೋಗವು ಏಡ್ಸ್ ಹಂತವನ್ನು ಮುಟ್ಟುತ್ತದೆ. 1996ರ ಸುಮಾರಿಗೆ ಮೂರು ಔಷಧಗಳನ್ನು ಒಟ್ಟಿಗೆ ಕೊಡುವ ಕ್ರಮ ಬಂದ ಮೇಲೆ ಸಾವುಗಳು ಬಹಳ ಕಡಿಮೆಯಾದವು. ನಮ್ಮ ದೇಶದಲ್ಲಿ 2004ರಿಂದ ಸರಕಾರವು ಈ ಔಷಧಗಳನ್ನು ಉಚಿತವಾಗಿ ಕೊಡುತ್ತಿದೆ. ವೈರಸ್ ಪೂರ್ತಿಯಾಗಿ ತೊಲಗುವುದಿಲ್ಲವಾದ್ದರಿಂದ ಮದ್ದನ್ನು ಜೀವನಪರ್ಯಂತ ಸೇವಿಸಬೇಕಾಗುತ್ತದೆ.

ಕೊಬ್ಬಿನ ಏರುಪೇರು ಎಂದರೇನು?

ಕೊಬ್ಬು ಶರೀರಕ್ಕೆ ಬೇಕಾದ ವಸ್ತುವೇ. ಜೀವಕೋಶಗಳ ಹೊದಿಕೆಗೆ ಕೊಲೆಸ್ಟರಾಲ್ ಬೇಕು. ಟ್ರೈಗ್ಲಿಸರೈಡ್ ಶಕ್ತಿಯ ಸಂಗ್ರಹ. ಆದರೆ ಕೊಲೆಸ್ಟರಾಲ್ ಮಿತಿಮೀರಿದರೆ ರಕ್ತನಾಳಗಳ ಒಳಗೋಡೆಯಲ್ಲಿ ಸೇರಿಕೊಂಡು ದಾರಿಯನ್ನು ಕಿರಿದುಮಾಡುತ್ತದೆ. ಹೃದಯಾಘಾತಕ್ಕೆ ಇದೊಂದು ಮುಖ್ಯ ಕಾರಣ. 100 ಮಿಲಿಲೀಟರ್ ರಕ್ತದಲ್ಲಿ ಒಟ್ಟು ಕೊಲೆಸ್ಟರಾಲ್ 200 ಮಿಲಿಗ್ರಾಮಿಗಿಂತಲೂ ಟ್ರೈಗ್ಲಿಸರೈಡ್ 150 ಮಿಲಿಗ್ರಾಮಿಗಿಂತಲೂ ಕಡಿಮೆಯಿರುವುದು ಒಳ್ಳೆಯದು.

ರಿಟೊನಾವಿರ್, ಲೋಪಿನಾವಿರ್ ಮುಂತಾದ ಔಷಧಗಳು ಈ ಪ್ರಮಾಣವನ್ನು ಏರಿಸಬಲ್ಲವು. ಸ್ಟಾವುಡಿನ್ ಎಂಬ ಹಳೆಯ ಔಷಧದಿಂದ ಕೆಲವರ ಕೆನ್ನೆ, ಕೈಕಾಲುಗಳ ಕೊಬ್ಬು ಕರಗಿ ಮುಖದ ರೂಪವೇ ಬದಲಾಗುತ್ತಿತ್ತು. ಅದರ ಬಳಕೆಯನ್ನು ಕ್ರಮೇಣ ನಿಲ್ಲಿಸುವಂತೆ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಸಲಹೆ ಮಾಡಿತು. ಈಗ ಹೆಚ್ಚಾಗಿ ಕೊಡುವ ಡೊಲುಟೆಗ್ರಾವಿರ್‌ನಿಂದ ರಕ್ತದ ಕೊಬ್ಬಿಗೆ ಆಗುವ ತೊಂದರೆ ಕಡಿಮೆ.

ಮದ್ದು ಬಿಡಬಹುದೇ?

ಖಂಡಿತ ಬಿಡಬಾರದು. ಮದ್ದನ್ನು ಆಗಾಗ ನಿಲ್ಲಿಸಿದರೆ ಅಡ್ಡ ಪರಿಣಾಮ ತಗ್ಗೀತೇ ಎಂದು ಹಲವು ದೇಶಗಳ ಸುಮಾರು ಐದೂವರೆ ಸಾವಿರ ಜನರಲ್ಲಿ ಪರೀಕ್ಷಿಸಲಾಯಿತು. ಇದರ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಬಿಟ್ಟು ಬಿಟ್ಟು ಸೇವಿಸಿದವರಲ್ಲಿಯೇ ಸಾವು ಹೆಚ್ಚಾಗಿತ್ತು. ಹೃದಯದ ತೊಂದರೆಯೂ ಕಡಿಮೆಯಾಗಿರಲಿಲ್ಲ, ಹೆಚ್ಚಿತ್ತು. ಹತೋಟಿ ತಪ್ಪಿದ ವೈರಸ್ ರಕ್ತನಾಳಗಳಿಗೂ ಕೇಡುಮಾಡುತ್ತದೆ.

ಆದುದರಿಂದ ಮದ್ದಿನೊಡನೆ ಎಚ್ಚರವೂ ಇರಬೇಕು. ಕಾಲಕಾಲಕ್ಕೆ ರಕ್ತಪರೀಕ್ಷೆ ಮಾಡಿಸಬೇಕು. ಬೀಡಿ, ಸಿಗರೇಟು ಬಿಡಬೇಕು. ಕರಿದ ತಿಂಡಿ ಕಡಿಮೆ ಮಾಡಿ ಸೊಪ್ಪು, ತರಕಾರಿ, ಬೇಳೆಕಾಳು ಹೆಚ್ಚಿಸಬೇಕು, ದಿನವೂ ನಡೆಯಬೇಕು. ಬೇಕಾದಲ್ಲಿ ವೈದ್ಯರು ಚಿಕಿತ್ಸೆಯ ಔಷಧವನ್ನೇ ಬದಲಿಸುತ್ತಾರೆ, ಇಲ್ಲವೆ ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಕೊಡುತ್ತಾರೆ. ಪಿಟಾವಸ್ಟ್ಯಾಟಿನ್ ಮಾತ್ರೆಯಿಂದ ಎಚ್.ಐ.ವಿ. ಇರುವವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಮುಂತಾದವು ಗಣನೀಯವಾಗಿ ತಗ್ಗುವುದೆಂದು 2023ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು.

ಆದರೆ ಎಲ್ಲ ಸ್ಟ್ಯಾಟಿನ್‌ಗಳೂ ಒಂದೇ ಅಲ್ಲ. ಸಿಮ್ವಸ್ಟ್ಯಾಟಿನ್ ಅನ್ನು ರಿಟೊನಾವಿರ್ ಜೊತೆ ಸೇವಿಸಿದರೆ ಸ್ನಾಯುಗಳಿಗೂ ಮೂತ್ರಪಿಂಡಗಳಿಗೂ ಅಪಾಯವಾದೀತು. ಆದುದರಿಂದ ತಾನು ಸೇವಿಸುವ ಎಲ್ಲ ಮದ್ದುಗಳನ್ನೂ ರೋಗಿ ವೈದ್ಯರಿಗೆ ತಿಳಿಸಲೇಬೇಕು. ಜನರ ನಿಂದೆಗೆ ಹೆದರಿ ಎಚ್.ಐ.ವಿ. ಮದ್ದನ್ನು ಮುಚ್ಚಿಟ್ಟರೆ ಆ ಅಂಜಿಕೆಯೇ ಪ್ರಾಣಕ್ಕೆ ಎರವಾದೀತು.

ಎಚ್.ಐ.ವಿ. ಜೊತೆಯಲ್ಲಿ ಕುಳಿತು ಉಣ್ಣುವುದರಿಂದಾಗಲಿ, ಒಂದೇ ಬೆಂಚಿನಲ್ಲಿ ಕುಳಿತು ಓದುವುದರಿಂದಾಗಲಿ ಹರಡುವುದಿಲ್ಲ. ರೋಗಿಗಳನ್ನು ತಾರತಮ್ಯದಿಂದ ಕಾಣಬಾರದೆಂದು 2017ರ ಕಾನೂನು ಹೇಳುತ್ತದೆ. ಅವರು ನಾಚಿಕೆಪಡದೆ ಮದ್ದು ಸೇವಿಸುವಂತಹ ವಾತಾವರಣವನ್ನು ನಮ್ಮ ಮನೆ, ಶಾಲೆ, ಊರುಗಳಲ್ಲಿ ಉಂಟುಮಾಡುವುದು ನಮ್ಮೆಲ್ಲರ ಕರ್ತವ್ಯ.