ಜಾಲಪುಟದ ಕಮ್ಮಟ

ನೇಕಾರನ ಮನೆಯಲ್ಲಿ ಮಗ್ಗವನ್ನು ಹೂಡುವುದೇ ಒಂದು ವಿದ್ಯೆ. ಹಾಸು ಸರಿಯಾಗಿ ಕೂಡದಿದ್ದರೆ ಎಷ್ಟು ಲಾಳಿ ಓಡಿಸಿದರೂ ಬಟ್ಟೆ ನೆಟ್ಟಗಾಗದು. ಗಣಕಯಂತ್ರದ ವಿದ್ಯೆಗೂ ಈ ಮಾತು ಸಲ್ಲುತ್ತದೆ. ಜಾಲಪುಟಗಳನ್ನು ರಚಿಸಲು ಹೊರಟ ಎಷ್ಟೋ ಮಂದಿ, ಮೊದಲ ಸಾಲನ್ನು ಬರೆಯುವುದಕ್ಕೆ ಮುನ್ನ, ಸಲಕರಣೆಗಳನ್ನು ಹೂಡುವ ಹಂತದಲ್ಲಿಯೇ ಎದೆಗುಂದುತ್ತಾರೆ. 'ಇದು ನಮಗೆ ಎಟುಕುವ ವಿದ್ಯೆಯಲ್ಲ' ಎಂದು ಕೈಚೆಲ್ಲುತ್ತಾರೆ. ಅವರನ್ನು ತಡೆದುದು ಬುದ್ಧಿಯ ಕೊರತೆಯಲ್ಲ. ಯಾವ ಸಲಕರಣೆ ಯಾವ ಕೆಲಸಕ್ಕೆಂಬುದನ್ನು ಅರಿಯದೆ ಎಲ್ಲವನ್ನೂ ಒಮ್ಮೆಗೇ ಹೊತ್ತು ತಂದುದೇ ಅವರ ತೊಡಕಿಗೆ ಕಾರಣ.

ಜಾಲಪುಟದ ಇತಿಹಾಸವನ್ನು ಅವಲೋಕಿಸಿದರೆ, ಅದು ಹುಟ್ಟಿದಾಗ ಈ ತೊಡಕು ಇರಲಿಲ್ಲವೆಂಬುದು ತಿಳಿಯುತ್ತದೆ. ಸ್ವಿಟ್ಜರ್ಲೆಂಡಿನ ಜಿನೀವಾ ನಗರದ ಬಳಿಯಿರುವ ಸರ್ನ್ ಸಂಶೋಧನಾಲಯದಲ್ಲಿ ಕೆಲಸಮಾಡುತ್ತಿದ್ದ ಟಿಮ್ ಬರ್ನರ್ಸ್-ಲೀ ಅವರು 1989ರಲ್ಲಿ ವಿಶ್ವವ್ಯಾಪಿ ಜಾಲದ ಯೋಜನೆಯನ್ನು ಮುಂದಿಟ್ಟರು. 1990ರ ಅಂತ್ಯದ ವೇಳೆಗೆ ಅವರು ರಚಿಸಿದ ಮೊದಲ ಬ್ರೌಸರ್ ಪುಟಗಳನ್ನು ತೋರಿಸುತ್ತಲೂ ಇತ್ತು, ಅದರಲ್ಲಿಯೇ ಪುಟಗಳನ್ನು ಬರೆಯಲೂ ಬರುತ್ತಿತ್ತು. ಮುಂದೆ ಜನಸಾಮಾನ್ಯರಲ್ಲಿ ಹರಡಿದ ಬ್ರೌಸರುಗಳು ಓದುವುದಕ್ಕಷ್ಟೇ ಮೀಸಲಾದವು. ಬರೆಯುವ ಕೆಲಸಕ್ಕೆ ಬೇರೆ ಸಲಕರಣೆಗಳು ಬೇಕಾದವು. ಅಂತಹ ಸಲಕರಣೆಗಳನ್ನೆಲ್ಲ ಒಂದೆಡೆ ಕೂಡಿಸಿಟ್ಟ ತಂತ್ರಾಂಶವೇ ಕಾರ್ಯಕ್ರಮ ರಚನೆಯ ಪರಿಸರ. ಅದನ್ನು ಒಂದು ಕಮ್ಮಟವೆನ್ನಬಹುದು.

ಆರಂಭದ ಅಭ್ಯಾಸಕ್ಕೆ ಬೇಕಾದುದು ಎರಡೇ: ಬರೆಯಲು ಒಂದು ಸಂಪಾದಕ, ಬರೆದುದನ್ನು ನೋಡಲು ಒಂದು ಬ್ರೌಸರ್. ಪುಟದ ರಚನೆಯನ್ನು ಹೇಳುವ ಎಚ್‌ಟಿಎಂಎಲ್, ಅಂದಚೆಂದವನ್ನು ನಿರ್ಧರಿಸುವ ಸಿಎಸ್‌ಎಸ್, ಚಲನೆಯನ್ನು ನೀಡುವ ಜಾವಾಸ್ಕ್ರಿಪ್ಟ್ ಈ ಮೂರನ್ನೂ ಬ್ರೌಸರ್ ನೇರವಾಗಿ ಅರ್ಥಮಾಡಿಕೊಳ್ಳುತ್ತದೆ. ಮೈಕ್ರೋಸಾಫ್ಟ್ ಸಂಸ್ಥೆಯು 2015ರಲ್ಲಿ ಹೊರತಂದ ವಿಷುವಲ್ ಸ್ಟುಡಿಯೋ ಕೋಡ್ ಎಂಬ ಉಚಿತ ಸಂಪಾದಕವನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. ಈ ಮೂರು ಭಾಷೆಗಳಲ್ಲಿ ಬರೆಯಲು ಬೇಕಾದ ನೆರವು ಅದರಲ್ಲಿ ಮೊದಲಿನಿಂದಲೇ ಇದೆ. ಆದುದರಿಂದ ಅದನ್ನು ಸ್ಥಾಪಿಸಿದ ದಿನವೇ ಒಂದು ಕಡತವನ್ನು ತೆರೆದು ನಾಲ್ಕು ಸಾಲು ಬರೆದು, ಬ್ರೌಸರಿನಲ್ಲಿ ಕಾಣುವುದು ಸಾಧ್ಯ.

ಕನ್ನಡದಲ್ಲಿ ಬರೆಯುವವರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಯಂತ್ರವು ಅಕ್ಷರಗಳನ್ನು ಅಂಕಿಗಳ ರೂಪದಲ್ಲಿಯೇ ಕಾಯ್ದಿಡುತ್ತದೆ. ಜಗತ್ತಿನ ಲಿಪಿಗಳಿಗೆಲ್ಲ ಅಂಕಿಗಳನ್ನು ಗೊತ್ತುಮಾಡುವ ಯೂನಿಕೋಡ್ ವ್ಯವಸ್ಥೆಯಲ್ಲಿ, 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ಥಾನವಿದೆ. ಆ ಅಂಕಿಗಳನ್ನು ಕಡತದಲ್ಲಿ ಬರೆದಿಡುವ ಕ್ರಮಕ್ಕೆ ಯುಟಿಎಫ್-8 ಎಂದು ಹೆಸರು. ಕಡತವನ್ನು ಈ ಕ್ರಮದಲ್ಲಿ ಉಳಿಸಿ, ಪುಟದ ತಲೆಭಾಗದಲ್ಲಿ ಅದನ್ನು ಘೋಷಿಸಬೇಕು. ಇಲ್ಲವಾದರೆ ಬ್ರೌಸರ್ ಬೇರೊಂದು ಕ್ರಮವನ್ನು ಊಹಿಸಿಕೊಂಡು, 'ಕನ್ನಡ' ಎಂಬ ಪದದ ಜಾಗದಲ್ಲಿ ಅರ್ಥವಿಲ್ಲದ ಚಿಹ್ನೆಗಳನ್ನು ತೋರಿಸಬಹುದು. ಆಗ ಕೆಟ್ಟಿರುವುದು ಲಿಪಿಯಲ್ಲ, ಒಂದು ಸಾಲಿನ ಸೂಚನೆ ಮಾತ್ರ.

ಮೊದಲ ಪುಟಗಳು ಕೈಗೆ ಹತ್ತಿದ ಮೇಲೆ ಮೂರನೆಯ ಸಲಕರಣೆಯ ಅಗತ್ಯ ಬರುತ್ತದೆ. 1995ರಲ್ಲಿ ಹುಟ್ಟಿದ ಜಾವಾಸ್ಕ್ರಿಪ್ಟ್ ಬಹುಕಾಲ ಹೆಚ್ಚಾಗಿ ಬ್ರೌಸರಿನೊಳಗೇ ಬಾಳಿತು. 2009ರಲ್ಲಿ ಬಂದ ನೋಡ್ ಜೆಎಸ್ ಎಂಬ ತಂತ್ರಾಂಶವು ಆ ಭಾಷೆಯನ್ನು ಬ್ರೌಸರಿನ ಹೊರಗೆ ನಡೆಸುವುದನ್ನು ಸುಲಭಗೊಳಿಸಿತು. ಇಂದಿನ ಅನೇಕ ಸಲಕರಣೆಗಳು ಇದರ ಆಧಾರದಿಂದ ನಡೆಯುತ್ತವೆ. ಇದನ್ನು ಸ್ಥಾಪಿಸುವಾಗ ದೀರ್ಘಕಾಲ ನೆರವು ದೊರೆಯುವ ಆವೃತ್ತಿಯನ್ನು ಆರಿಸಿಕೊಳ್ಳುವುದು ಲೇಸು. ಹೊಚ್ಚಹೊಸದೆಲ್ಲವೂ ಆರಂಭಿಕರಿಗೆ ಹಿತವಲ್ಲ.

ಸ್ಥಾಪನೆ ಮುಗಿಯಿತೆಂದು ಯಂತ್ರ ಹೇಳಿದರೆ ಸಾಲದು, ಪರೀಕ್ಷಿಸಬೇಕು. ಆದೇಶಗಳನ್ನು ಬರೆಯುವ ಟರ್ಮಿನಲ್ ಕಿಟಕಿಯಲ್ಲಿ ಸಲಕರಣೆಯ ಆವೃತ್ತಿಯನ್ನು ಕೇಳಿದರೆ ಅದು ತನ್ನ ಸಂಖ್ಯೆಯನ್ನು ಹೇಳುತ್ತದೆ. ಕೆಲವೊಮ್ಮೆ 'ಈ ಹೆಸರಿನ ಆದೇಶ ಕಾಣಲಿಲ್ಲ' ಎಂಬ ಉತ್ತರ ಬರುತ್ತದೆ. ಹಲವರು ಇಲ್ಲಿಯೇ ಧೃತಿಗೆಟ್ಟು ಮತ್ತೆ ಮತ್ತೆ ಸ್ಥಾಪಿಸುತ್ತಾರೆ. ಸಲಕರಣೆಗಳನ್ನು ಯಾವ ಯಾವ ಕೋಶಗಳಲ್ಲಿ ಹುಡುಕಬೇಕೆಂಬ ಒಂದು ಪಟ್ಟಿ ಯಂತ್ರದಲ್ಲಿರುತ್ತದೆ. ಅದಕ್ಕೆ 'ಪಾತ್' ಎಂದು ಹೆಸರು. ಟರ್ಮಿನಲ್ ತಾನು ತೆರೆದುಕೊಳ್ಳುವಾಗಲೇ ಆ ಪಟ್ಟಿಯನ್ನು ಪಡೆಯುತ್ತದೆ. ಸ್ಥಾಪನೆಗೆ ಮುಂಚೆಯೇ ತೆರೆದಿದ್ದ ಕಿಟಕಿಯ ಬಳಿ ಇರುವುದು ಹಳೆಯ ಪಟ್ಟಿ. ಸಂಪಾದಕವನ್ನೂ ಟರ್ಮಿನಲನ್ನೂ ಒಮ್ಮೆ ಮುಚ್ಚಿ ತೆರೆದರೆ ಅನೇಕ ವೇಳೆ ತೊಡಕು ತಾನಾಗಿ ಬಿಡಿಸಿಕೊಳ್ಳುತ್ತದೆ. ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಯಂತ್ರವನ್ನು ದೂರುವ ಮುನ್ನ ಅದು ಹೇಳಿದ ಮಾತನ್ನು ಕಡೆಯವರೆಗೆ ಓದುವುದು ವಿವೇಕ.

ನೋಡ್ ಜೆಎಸ್ ಜೊತೆಯಲ್ಲಿ ಎನ್‌ಪಿಎಂ ಎಂಬ ವ್ಯವಸ್ಥಾಪಕವೂ ಬರುತ್ತದೆ. ಬೇರೆಯವರು ಬರೆದಿಟ್ಟ ತಂತ್ರಾಂಶದ ತುಣುಕುಗಳನ್ನು ತಂದುಕೊಡುವುದು ಇದರ ಕೆಲಸ. ಒಂದು ತುಣುಕನ್ನು ಕೇಳಿದರೆ, ಅದು ಅವಲಂಬಿಸಿದ ಹತ್ತಾರು ತುಣುಕುಗಳೂ ಹಿಂಬಾಲಿಸಿ ಬರುತ್ತವೆ. ಈ ಅವಲಂಬನೆಯ ಆಳವನ್ನು 2016ರ ಮಾರ್ಚ್ ತಿಂಗಳ ಒಂದು ಘಟನೆ ಜಗತ್ತಿಗೆ ತೋರಿಸಿಕೊಟ್ಟಿತು. ಪದವೊಂದರ ಎಡಭಾಗಕ್ಕೆ ಖಾಲಿ ಜಾಗ ಸೇರಿಸುವ 'ಲೆಫ್ಟ್-ಪ್ಯಾಡ್' ಎಂಬ ತುಣುಕಿನಲ್ಲಿದ್ದುದು 11 ಸಾಲುಗಳು ಮಾತ್ರ. ಅದನ್ನು ಬರೆದವರು ಒಂದು ವಿವಾದದ ಕಾರಣದಿಂದ ಅದನ್ನು ಹಿಂತೆಗೆದುಕೊಂಡರು. ಒಡನೆಯೇ ಅದರ ಮೇಲೆ ನಿಂತಿದ್ದ ಸಾವಿರಾರು ಯೋಜನೆಗಳ ನಿರ್ಮಾಣಕಾರ್ಯ ಸ್ಥಗಿತಗೊಂಡಿತು. ಕೆಲವೇ ಗಂಟೆಗಳಲ್ಲಿ ಆ ತುಣುಕನ್ನು ಮರಳಿ ಇಡಲಾಯಿತು. ಹೀಗೆ ಹಿಂತೆಗೆದುಕೊಳ್ಳುವ ನಿಯಮಗಳನ್ನೂ ಬಿಗಿಗೊಳಿಸಲಾಯಿತು. ತಮ್ಮ ಕೆಲಸ ಇಷ್ಟು ಸಣ್ಣ ತುಣುಕನ್ನು ಆತುಕೊಂಡಿತ್ತೆಂಬುದು ನುರಿತ ಅನೇಕರಿಗೂ ಅಂದೇ ತಿಳಿದುದು.

ಸಂಪಾದಕಕ್ಕೆ ಸೇರಿಸುವ ವಿಸ್ತರಣೆಗಳಿಗೂ ಈ ಎಚ್ಚರ ಅನ್ವಯಿಸುತ್ತದೆ. ವಿಸ್ತರಣೆಯೊಂದಕ್ಕೆ ಸಂಪಾದಕಕ್ಕಿರುವ ಅಧಿಕಾರವೇ ದೊರೆಯುತ್ತದೆ. ಅದು ಕಡತಗಳನ್ನು ಓದಬಲ್ಲದು, ಬದಲಿಸಲೂ ಬಲ್ಲದು. ಆದುದರಿಂದ ಅದನ್ನು ಪ್ರಕಟಿಸಿದವರಾರು, ಅದರಿಂದ ಆಗಬೇಕಾದ ಕೆಲಸವೇನು ಎಂಬ ಎರಡು ಪ್ರಶ್ನೆಗಳನ್ನು ಕೇಳಿಯೇ ಅದನ್ನು ಒಳಗೆ ಬಿಟ್ಟುಕೊಳ್ಳಬೇಕು. ಮನೆಯ ಬಾಗಿಲನ್ನು ತಟ್ಟಿದವರಿಗೆಲ್ಲ ಬೀಗದ ಕೈಯನ್ನು ಯಾರೂ ಕೊಡುವುದಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚೆಂಬ ಗಾದೆ ಕಮ್ಮಟಕ್ಕೂ ಒಪ್ಪುತ್ತದೆ. ಎರಡು ಸಲಕರಣೆಗಳಿಂದ ಆರಂಭಿಸಿ, ಒಂದು ಕೆಲಸ ನಿಂತಾಗ ಅದಕ್ಕೆ ಬೇಕಾದ ಮತ್ತೊಂದನ್ನು ಸೇರಿಸುತ್ತ ಹೋದ ವಿದ್ಯಾರ್ಥಿಗೆ ತನ್ನ ಕಮ್ಮಟದ ಪ್ರತಿಯೊಂದು ಮೂಲೆಯೂ ಪರಿಚಿತವಾಗಿರುತ್ತದೆ. ಏನಾದರೂ ಕೆಟ್ಟಾಗ ಎಲ್ಲಿ ನೋಡಬೇಕೆಂಬುದು ಅಂಥವರಿಗೆ ಗೊತ್ತು. ಸಲಕರಣೆಗಳು ವರ್ಷವರ್ಷವೂ ಬದಲಾಗುತ್ತವೆ. ಇಂದಿನ ಹೆಸರುಗಳು ನಾಳೆ ಮರೆಯಾದಾವು. ಅರಿತು ಹೂಡುವ ಅಭ್ಯಾಸವೊಂದು ಕೈಗೂಡಿದ್ದರೆ, ಮುಂದೆ ಬರುವ ಯಾವ ಕಮ್ಮಟದಲ್ಲಿಯೂ ಅಂಜದೆ ಕುಳಿತು ಕೆಲಸ ಮಾಡಬಹುದು.

ಅಭ್ಯಾಸ

1. ಟಿಮ್ ಬರ್ನರ್ಸ್-ಲೀ ಅವರ ಮೊದಲ ಬ್ರೌಸರಿಗೂ ಅನಂತರ ಹರಡಿದ ಬ್ರೌಸರುಗಳಿಗೂ ಇದ್ದ ವ್ಯತ್ಯಾಸವೇನು?
2. ಕನ್ನಡ ಪುಟವೊಂದರಲ್ಲಿ ಅರ್ಥವಿಲ್ಲದ ಚಿಹ್ನೆಗಳು ಕಾಣಿಸಿಕೊಳ್ಳಲು ಕಾರಣವೇನು?
3. 'ಈ ಹೆಸರಿನ ಆದೇಶ ಕಾಣಲಿಲ್ಲ' ಎಂಬ ಉತ್ತರ ಬಂದಾಗ ಏನು ಮಾಡಬೇಕು? ಏಕೆ?
4. 2016ರ ಘಟನೆಯಿಂದ ಕಲಿಯಬೇಕಾದ ಪಾಠವನ್ನು ಐದಾರು ವಾಕ್ಯಗಳಲ್ಲಿ ವಿವರಿಸಿರಿ.
5. 'ಕೈಚೆಲ್ಲು', 'ಎದೆಗುಂದು', 'ಧೃತಿಗೆಡು' - ಇವುಗಳನ್ನು ಸ್ವಂತ ವಾಕ್ಯಗಳಲ್ಲಿ ಬಳಸಿರಿ.