ಟ್ರೈಕೊಕಾರ್ಡ್‌ನ ಕಣಜಕ್ಕೆ ಮಿದುಳು ಎಷ್ಟಿದೆ?

ಭಾನುವಾರ ಬೆಳಗ್ಗೆ ಬಸವನಗುಡಿಯ ಗಾಂಧಿ ಬಜಾರ್ ಹತ್ತಿರ ಕೆಲವು ಮನೆಗಳಿಗೆ ಟೊಮ್ಯಾಟೊ ಕೊಡೋಕೆ ಹೋಗ್ತೀನಿ. ಮೊನ್ನೆ ಗಾಡಿಯಲ್ಲಿದ್ದ ಟ್ರೈಕೊಕಾರ್ಡ್ ನೋಡಿ ಒಬ್ಬ ಹುಡುಗ ಕೇಳಿದ, "ಅಂಕಲ್, ಇಷ್ಟು ಚಿಕ್ಕ ಹುಳಕ್ಕೂ ಮಿದುಳು ಇರುತ್ತಾ?" ಇರುತ್ತೆ ಅಂದೆ. ಎಷ್ಟು ಅಂದ. ಹಾರಿಕೆ ಉತ್ತರ ಕೊಟ್ಟು ಬಂದುಬಿಟ್ಟೆ. ಮನೆಗೆ ಬಂದು ಓದಿದ ಮೇಲೆ ನನ್ನದೇ ಒಂದು ಹಳೇ ತಪ್ಪಿಗೂ ಕಾರಣ ಸಿಕ್ತು.

ಮೊದಲು ಕೋಳಿ ವಿಷಯ. 1945ರಲ್ಲಿ ಅಮೆರಿಕದ ಕೊಲರಾಡೊದಲ್ಲಿ ಒಬ್ಬ ರೈತ ಕೋಳಿಯ ತಲೆ ಕಡಿದ. ಏಟು ಸ್ವಲ್ಪ ಮೇಲೆ ಬಿದ್ದು ಮಿದುಳಿನ ಬುಡ ಉಳಿದುಕೊಳ್ತು. ಗಂಟಲಿಗೆ ಹನಿಹನಿಯಾಗಿ ಆಹಾರ ಬಿಟ್ಟು ಸಾಕಿದ್ದಕ್ಕೆ ಆ 'ಮೈಕ್' 18 ತಿಂಗಳು ಬದುಕಿತ್ತು. ಉಸಿರಾಡೋಕೆ, ನಿಲ್ಲೋಕೆ, ನಡೆಯೋಕೆ ಆ ಬುಡವೇ ಸಾಕಾಯ್ತು.

ಕೀಟಗಳಲ್ಲಿ ಕೆಲಸ ಇನ್ನೂ ಹಂಚಿಹೋಗಿದೆ. ಕಾಲು, ರೆಕ್ಕೆ ಆಡಿಸೋ ನರಗಂಟುಗಳು ಎದೆಭಾಗದಲ್ಲೇ ಇರ್ತವೆ. ಅದಕ್ಕೇ ತಲೆ ಹೋದ ಜಿರಲೆ ದಿನಗಟ್ಟಲೆ ಬದುಕುತ್ತೆ. ಆದರೆ ವಾಸನೆ ಹಿಡಿದು ಹುಡುಕೋದು, ಆರಿಸೋದು, ನೆನಪಿಡೋದಕ್ಕೆ ತಲೆ ಬೇಕೇ ಬೇಕು.

ಈಗ ನಮ್ಮ ಟ್ರೈಕೊಗ್ರಾಮ. ಉದ್ದ ಅರ್ಧ ಮಿಲಿಮೀಟರ್ ಆಸುಪಾಸು. ಮನುಷ್ಯನ ಮಿದುಳಲ್ಲಿ ನರಕೋಶ ಸುಮಾರು 8,600 ಕೋಟಿ, ಜೇನುನೊಣದಲ್ಲಿ 10 ಲಕ್ಷದ ಹತ್ತಿರ. ಟ್ರೈಕೊಗ್ರಾಮದ ಒಂದು ಜಾತಿಯಲ್ಲಿ ಎಣಿಸಿದಾಗ ಸಿಕ್ಕಿದ್ದು ಬರೀ 37 ಸಾವಿರ! (ಥ್ರಿಪ್ಸ್ ಮೊಟ್ಟೆಗೆ ಬೀಳೋ ಮೆಗಾಫ್ರಾಗ್ಮ ಅನ್ನೋ ಕಣಜಕ್ಕೆ ಇನ್ನೂ ಕಮ್ಮಿ, ಇಡೀ ದೇಹಕ್ಕೆ 7,400.) ಇಷ್ಟರಲ್ಲೇ ಅದು ಕಾಯಿಕೊರಕದ ಮೊಟ್ಟೆ ಹುಡುಕುತ್ತೆ, ಮೊಟ್ಟೆ ಮೇಲೆ ನಡೆದು ಗಾತ್ರ ಅಳೆಯುತ್ತೆ, ಒಳಗೆ ಎಷ್ಟು ಮೊಟ್ಟೆ ಇಡಬೇಕು ಅಂತ ತೀರ್ಮಾನ ಮಾಡುತ್ತೆ. ಬೇರೆ ಕಣಜ ಮೊದಲೇ ಇಟ್ಟಿದ್ರೆ ಬಹುತೇಕ ಬಿಟ್ಟು ಮುಂದೆ ಹೋಗುತ್ತೆ.

ಸಾವಯವಕ್ಕೆ ಬರೋ ಮುಂಚೆ ನಾನು ಇಮಿಡಾಕ್ಲೋಪ್ರಿಡ್ ಹೊಡೆದ ಮೂರನೇ ದಿನಕ್ಕೇ ಕಾರ್ಡ್ ಕಟ್ಟಿದ್ದೆ. ಕಣಜ ಹೊರಬಂದಿದ್ವು, ಎಲೆ ಮೇಲೆ ಓಡಾಡ್ತಾನೂ ಇದ್ವು. ಕಾಯಿ ಮಾತ್ರ ತೂತು. ಕಾರ್ಡೇ ಸರಿಯಿಲ್ಲ ಅಂತ ಬೈದಿದ್ದೆ. ಈ ಔಷಧ ನರದಿಂದ ನರಕ್ಕೆ ಸುದ್ದಿ ಹೋಗೋ ಜಾಗವನ್ನೇ ಕೆಡಿಸುತ್ತೆ. ಸಾಯದಷ್ಟು ಪ್ರಮಾಣ ತಗುಲಿದ್ರೂ ಮೊಟ್ಟೆ ಹುಡುಕೋ ಶಕ್ತಿ ಕುಗ್ಗಬಹುದು. ಅದೊಂದೇ ಕಾರಣ ಅಂತ ಆಣೆ ಮಾಡಲ್ಲ, ಆದರೆ ಓಡಾಡೋ ಕಣಜ ನೋಡಿ ಸಮಾಧಾನಪಟ್ಟಿದ್ದು ನನ್ನ ದಡ್ಡತನ.

ಈ ಕಣಜಗಳನ್ನು ಸಾಕಿ, ಅಧ್ಯಯನ ಮಾಡೋ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಬೆಂಗಳೂರಿನ ಹೆಬ್ಬಾಳದಲ್ಲೇ ಇದೆ. ಎಲ್ಲಿಂದ ಕಾರ್ಡ್ ತಂದ್ರೂ ಮೊಟ್ಟೆಗಳು ಕಪ್ಪಗಿವೆಯಾ ನೋಡಿ. ತಂಪು ಹೊತ್ತಲ್ಲಿ, ಅಂದ್ರೆ ಸಂಜೆ, ತುಂಡು ಮಾಡಿ ಎಲೆಯ ಅಡಿಗೆ ಪಿನ್ ಮಾಡಿ. ರಾಸಾಯನಿಕ ಹೊಡೆದಿದ್ರೆ ಕಟ್ಟೋ ಮುಂಚೆ ಕನಿಷ್ಠ ಒಂದು ವಾರ ಬಿಡಿ, ಇಮಿಡಾಕ್ಲೋಪ್ರಿಡ್ ತರದ್ದಾದ್ರೆ ಇನ್ನೂ ಹೆಚ್ಚು. ಕಟ್ಟಿದ ಮೇಲೂ ಒಂದು ವಾರ ಪಂಪ್ ಮುಟ್ಟಬೇಡಿ. ತೀರಾ ಅನಿವಾರ್ಯ ಆದ್ರೆ ಬಿಟಿ ಅಥವಾ ಎನ್‌ಪಿವಿ ಬಳಸಿ, ಅವು ಕಣಜಕ್ಕೆ ಅಷ್ಟು ತೊಂದರೆ ಕೊಡಲ್ಲ. ಇರುವೆ ಓಡಾಡೋ ಗಿಡಕ್ಕೆ ಮಾತ್ರ ಕಟ್ಟಬೇಡಿ, ಬೆಳಗಾಗೋಷ್ಟರಲ್ಲಿ ಕಾರ್ಡ್ ಖಾಲಿ ಆಗಿರುತ್ತೆ.